ಪಾಳುಬಿದ್ದ ಬೆಂಗಳೂರು ನೀಲಿ ದ್ರಾಕ್ಷಿ ತೋಟಕ್ಕೆ ಮರುಜೀವ: ಚಪ್ಪರದಿಂದ ವೈನಿನವರೆಗೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಆರೈಕೆಯಿಲ್ಲದೆ ಬಿಟ್ಟ ದ್ರಾಕ್ಷಿ ತೋಟ ಕಂಡವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಜೆಸಿಬಿ ತಂದು ಬುಡಸಮೇತ ಕಿತ್ತುಹಾಕಿ, ಹೊಸದಾಗಿ ನೆಡಿ. ಬೆಂಗಳೂರು ನೀಲಿಯ ಮಟ್ಟಿಗೆ ಈ ಸಲಹೆಯನ್ನು ಕೇಳಬೇಡಿ. ಬೆಂಗಳೂರಿನ ಸುತ್ತ ಸುಮಾರು 150 ವರ್ಷಗಳಿಂದ ಬೆಳೆಯುತ್ತಿರುವ ತಳಿ ಇದು; 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯನ್ನೂ ಪಡೆದಿದೆ. ಹಳೇ ತೋಟಗಳಲ್ಲಿ ಬಹುಪಾಲು ಬಳ್ಳಿಗಳು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತಿವೆ. ಹಾಗಾಗಿ ಮೇಲಿನದೆಲ್ಲ ಒಣಗಿದ್ದರೂ ಬುಡದಿಂದ ಒಂದು ಚಿಗುರು ಬಂದರೆ ಸಾಕು, ಅದು ಅದೇ ತಳಿ. ಕೆಳಗೆ ಆಳಕ್ಕಿಳಿದ ಬೇರು ಸಿದ್ಧವಾಗಿರುವುದರಿಂದ ಆ ಚಿಗುರು ಹೊಸ ಸಸಿಗಿಂತ ಎಷ್ಟೋ ಬೇಗ ಚಪ್ಪರ ಮುಟ್ಟುತ್ತದೆ.

ಆದರೆ ಒಂದು ಷರತ್ತಿದೆ. ಈ ಸೀಮೆಯಲ್ಲಿ ಬೆಂಗಳೂರು ನೀಲಿಯಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುವುದು ರೂಢಿ. ಸೊರಗಿದ ಬಳ್ಳಿಯನ್ನು ಎಬ್ಬಿಸಬೇಕಾದರೂ, ಕುಡಿಯಲು ಯೋಗ್ಯವಾದ ವೈನ್ ಮಾಡಬೇಕಾದರೂ ಒಂದು ಬೆಳೆಯನ್ನು ಬಿಟ್ಟುಕೊಡಲೇಬೇಕು. ಹಣ್ಣಿನ ತೂಕದ ಲೆಕ್ಕವನ್ನು ಬಿಡಲಾಗದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಮೊದಲು ಎಣಿಕೆ, ಆಮೇಲೆ ಗರಗಸ

ಪಾರ್ಥೇನಿಯಂ, ಲಂಟಾನ, ಹೊಂಗೆ ಸಸಿಗಳನ್ನು ಕೈಯಿಂದಲೇ ತೆಗೆಸಿ. ಟ್ರ್ಯಾಕ್ಟರ್ ಒಳಗೆ ಬಿಡಬೇಡಿ: ಕಳೆಯೊಳಗೆ ಮುಚ್ಚಿಹೋದ ಬುಡದ ಚಿಗುರುಗಳೇ ನಿಮ್ಮ ಆಸ್ತಿ, ರೋಟವೇಟರ್‌ಗೆ ಅವು ಕಾಣುವುದಿಲ್ಲ. ಮೇಲ್ಪದರದ ಬೇರುಗಳೂ ತುಂಡಾಗುತ್ತವೆ.

ನೆಲ ಕಾಣುವಂತಾದ ಮೇಲೆ ಸಾಲು ಸಾಲಾಗಿ ನಡೆದು ಪ್ರತಿ ಬಳ್ಳಿಯನ್ನೂ ಪರೀಕ್ಷಿಸಿ. ಒಣಗಿ ಸುಲಿಯುವ ಹೊರತೊಗಟೆಯನ್ನು ಕಿತ್ತು, ಚಾಕುವಿನ ತುದಿಯಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವವಿದೆ. ಮೇಲಿನಿಂದ ಕೆಳಗೆ ಮೂರು ಕಡೆ ಕೆರೆಯಿರಿ. ತೋಳು (ಕಾಂಡದಿಂದ ಕವಲೊಡೆದು ಚಪ್ಪರದ ಮೇಲೆ ಹರಡಿದ ದಪ್ಪ ಕೊಂಬೆ) ಸತ್ತು ಕಾಂಡ ಬದುಕಿರುವುದು, ಕಾಂಡ ಸತ್ತು ಬುಡ ಬದುಕಿರುವುದು ಎರಡೂ ಸಾಮಾನ್ಯ. ಮೂರು ಬಣ್ಣದ ಪೇಂಟ್ ಇಟ್ಟುಕೊಂಡು ಗುರುತು ಹಾಕಿ: ತೋಳಿನವರೆಗೆ ಜೀವವಿರುವುದು, ಬುಡದಲ್ಲಿ ಮಾತ್ರ ಜೀವವಿರುವುದು, ಪೂರ್ತಿ ಸತ್ತದ್ದು. ಇದನ್ನು ಒಂದು ಚೌಕುಳಿ ಹಾಳೆಯ ಮೇಲೆ ನಕ್ಷೆ ಮಾಡಿ. ಸತ್ತ ಬಳ್ಳಿಗಳು ಅಲ್ಲಲ್ಲಿ ಚದುರಿದ್ದರೆ ಕಾಂಡದ ರೋಗ ಅಥವಾ ಕೊರಕ ಹುಳು ಇರಬಹುದು. ಒಂದೇ ಕಡೆ ಗುಂಪಾಗಿ ಸತ್ತಿದ್ದರೆ ನೀರು ನಿಲ್ಲುವ ಜಾಗ, ಗೆದ್ದಲು, ಬೇರಿನ ಜಂತುಹುಳು ಅಥವಾ ಪಕ್ಕದ ನೀಲಗಿರಿಯನ್ನು ಅನುಮಾನಿಸಿ. ತೋಟದ ಅಂಚಿನಲ್ಲಿ ನೀಲಗಿರಿ ಸಾಲು ಇದ್ದರೆ ನಡುವೆ ಒಂದು ಮೀಟರ್ ಆಳದ ಕಂದಕ ತೋಡಿ ಬೇರು ಕಡಿಯದೆ ಆ ಬದಿಯ ಬಳ್ಳಿಗಳನ್ನು ಎಬ್ಬಿಸಲಾಗದು.

ತಳಿ ಯಾವುದೆಂದೂ ಈಗಲೇ ಖಚಿತ ಮಾಡಿಕೊಳ್ಳಿ. ಹಳೇ ತೋಟಗಳಲ್ಲಿ ಗುಲಾಬಿ, ಅನಾಬ್‌-ಎ-ಶಾಹಿ, ದಿಲ್‌ಖುಷ್ ಬೆರೆತಿರುತ್ತವೆ. ಬೆಂಗಳೂರು ನೀಲಿಯ ಎಲೆ ದಪ್ಪ, ಅಡಿಭಾಗದಲ್ಲಿ ಬಿಳಿಚು ತುಪ್ಪಟ. ಹಣ್ಣು ಹಿಸುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಉಂಡೆಯಾಗಿ ಜಾರಿ ಹೊರಬರುತ್ತದೆ. ಗುಲಾಬಿ ಎಂದರೆ ಮಸ್ಕಟ್ ಹ್ಯಾಂಬರ್ಗ್. ಅದರ ಪರಿಮಳವೇ ಬೇರೆ. ನಾಲ್ಕಾರು ಗುಲಾಬಿ ಬಳ್ಳಿಗಳಿದ್ದರೆ ಕಿತ್ತುಹಾಕಬೇಡಿ, ರೋಸೆ (ಗುಲಾಬಿ ಬಣ್ಣದ) ವೈನಿಗೆ ಸ್ವಲ್ಪ ಬೆರೆಸಿದರೆ ಬಹಳ ಚೆನ್ನಾಗಿರುತ್ತದೆ. ಆದರೆ ಬೇರೆಯಾಗಿ ಕೊಯ್ಯಲು ಗುರುತು ಬೇಕು.

ಚಪ್ಪರ

ಕಲ್ಲುಕೂಚಗಳು ನೂರು ವರ್ಷ ಬಾಳುತ್ತವೆ, ಹಾಳಾಗುವುದು ತಂತಿ. ಮೂಲೆಯ ಕೂಚಗಳು ಒಳಕ್ಕೆ ವಾಲಿದ್ದರೆ ಮೊದಲು ಅವುಗಳನ್ನು ನೆಟ್ಟಗೆ ಮಾಡಿ, ಹೊರಗಡೆ ನೆಲದಲ್ಲಿ ಕಲ್ಲು ಹೂತು ಎಳೆತಂತಿ ಕಟ್ಟಿ. ಬೆಳೆ ತುಂಬಿದ ಚಪ್ಪರದ ಭಾರವೆಲ್ಲ ಕೊನೆಗೆ ಬೀಳುವುದು ಮೂಲೆಗಳ ಮೇಲೆ. ಅಂಚಿಗೆ 8 ಗೇಜ್, ಒಳಗೆ 10 ಅಥವಾ 12 ಗೇಜಿನ ಸತು ಲೇಪಿತ ಕಬ್ಬಿಣದ (ಜಿಐ) ತಂತಿ, 45ರಿಂದ 60 ಸೆಂ.ಮೀ. ಅಂತರ. ಹಳೇ ತಂತಿ ಬಗ್ಗಿಸಿದರೆ ಪುಡಿ ಉದುರುತ್ತಿದ್ದರೆ ಬದಲಿಸಿ, ಕಪ್ಪಾಗಿದ್ದರೂ ಗಟ್ಟಿಯಿದ್ದರೆ ಬಿಡಿ. ತೋಳಿನೊಳಗೆ ಹೂತುಹೋದ ತಂತಿಯನ್ನು ಎಳೆದು ತೆಗೆಯಲು ಹೋಗಬೇಡಿ, ತೊಗಟೆ ಸೀಳುತ್ತದೆ. ಎರಡೂ ಬದಿಯಲ್ಲಿ ಕತ್ತರಿಸಿ ಒಳಗಿನ ತುಂಡನ್ನು ಹಾಗೇ ಬಿಡಿ.

ಬಳ್ಳಿಯನ್ನು ಕೆಳಗಿನಿಂದ ಮತ್ತೆ ಕಟ್ಟುವುದು

ಇಲ್ಲಿ ಅವಸರವೇ ಬಳ್ಳಿಯನ್ನು ಕೊಲ್ಲುತ್ತದೆ. ಎಲ್ಲ ಕಾಂಡಗಳನ್ನೂ ಒಂದೇ ದಿನ ಮೊಣಕಾಲೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದರೆ, ಬಲವಿರುವ ಬಳ್ಳಿ ಚಿಗುರುತ್ತದೆ, ಸೊರಗಿದ ಬಳ್ಳಿ ಒಣಗುತ್ತದೆ. ವರ್ಷಗಟ್ಟಲೆ ಆರೈಕೆ ಕಾಣದ ಬಳ್ಳಿಯ ಬೇರಿನಲ್ಲಿ ಉಳಿದಿರುವ ಆಹಾರ ಕಡಿಮೆ. ಆದ್ದರಿಂದ ಬಳ್ಳಿ ನೋಡಿ ಕೆಲಸ ಮಾಡಿ.

ತೋಳಿನವರೆಗೆ ಜೀವವಿರುವ ಬಳ್ಳಿಗೆ ಕಾಂಡ ಮುಟ್ಟಬೇಡಿ. ಒಣ ಕೊಂಬೆಗಳನ್ನು ತೆಗೆದು, ಬದುಕಿರುವ ಕಡ್ಡಿಗಳಲ್ಲಿ ಎರಡೇ ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಯುವಂತೆ ಸವರಿ. ಬುಡದಲ್ಲಿ ಮಾತ್ರ ಜೀವವಿದ್ದರೆ ಮೊದಲ ವರ್ಷ ಹಳೇ ಕಾಂಡವನ್ನು ನಿಲ್ಲಿಸಿಯೇ ಇಟ್ಟುಕೊಂಡು, ಬುಡದಿಂದ ಬಂದ ಚಿಗುರುಗಳಲ್ಲಿ ಗಟ್ಟಿಯಾದ ಎರಡನ್ನು ಉಳಿಸಿ ಬೆಳೆಸಿ. ಒಂದು ಮುರಿದರೆ ಇನ್ನೊಂದು ಇರುತ್ತದೆ. ಚಿಗುರು ಪೆನ್ಸಿಲ್ ದಪ್ಪವಾಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಒಂದನ್ನು ಆಯ್ದುಕೊಳ್ಳಿ. ಹಳೇ ಕಾಂಡಕ್ಕೆ ಗರಗಸ ಹಾಕುವುದು ಮುಂದಿನ ಬೇಸಿಗೆಯಲ್ಲಿ.

ದೊಡ್ಡ ಗಾಯ ಮಾಡಲು ಜನವರಿ ಕೊನೆಯಿಂದ ಫೆಬ್ರವರಿಯವರೆಗಿನ ಒಣ ದಿನಗಳೇ ಸರಿ. ಮಳೆಯಲ್ಲಿ ಕತ್ತರಿಸಿದರೆ ಕಾಂಡ ಕೊಳೆಸುವ ಶಿಲೀಂಧ್ರದ ಬೀಜಕಣಗಳು ನೀರಿನ ಹನಿಯ ಜೊತೆ ನೇರವಾಗಿ ಗಾಯಕ್ಕೆ ಇಳಿಯುತ್ತವೆ. ಕತ್ತರಿಸಿದ ಮುಖವನ್ನು ಗಮನವಿಟ್ಟು ನೋಡಿ. ಆರೋಗ್ಯವಾದ ಮರ ಒಂದೇ ಸಮ ಕೆನೆ ಬಣ್ಣ. ರೋಗ ಹಿಡಿದದ್ದರಲ್ಲಿ ಅಂಚಿನಿಂದ ನಡುವಿಗೆ ಚೂಪಾಗುತ್ತ ಹೋದ ಕಂದು ಪಟ್ಟೆ ಕಾಣುತ್ತದೆ, ಉಗುರಿನಿಂದ ಒತ್ತಿದರೆ ಅಲ್ಲಿ ಗಡುಸು, ಒಣಗಿದಂತೆ ಇರುತ್ತದೆ. ಆ ಕಲೆ ಮುಗಿಯುವವರೆಗೂ ಸ್ವಲ್ಪ ಸ್ವಲ್ಪವೇ ಕೆಳಗೆ ಕತ್ತರಿಸುತ್ತ ಬನ್ನಿ. ಶುದ್ಧ ಮರ ಸಿಕ್ಕ ಮೇಲೂ 10 ಸೆಂ.ಮೀ. ಹೆಚ್ಚು ತೆಗೆಯಿರಿ. ಬಳ್ಳಿಯಿಂದ ಬಳ್ಳಿಗೆ ಹೋಗುವಾಗ ಗರಗಸವನ್ನು ಸ್ಪಿರಿಟ್‌ನಿಂದ ಒರೆಸಿ. ಕತ್ತರಿಸಿದ ಮರವನ್ನು ಬದುವಿನ ಮೇಲೆ ಪೇರಿಸಿಡದೆ ಸುಟ್ಟುಬಿಡಿ.

ಗಾಯಕ್ಕೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಿ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಟ್ಟ ಸುಣ್ಣ, 10 ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧ ನೀರಿಗೆ ಹಾಕಿ ಕರಗಿಸಿ, ಸುಣ್ಣವನ್ನು ಇನ್ನರ್ಧದಲ್ಲಿ ಅರಳಿಸಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಕಲಕುತ್ತ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ಒಂದು ನಿಮಿಷ ಬಿಟ್ಟು ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ.

ಕಾಂಡದಲ್ಲಿ ಸಣ್ಣ ತೂತು, ಕೆಳಗೆ ಮರದ ಪುಡಿ ಕಂಡರೆ ಒಳಗೆ ಕಾಂಡ ಕೊರಕ ಇದೆ. ಸೈಕಲ್ ಸ್ಪೋಕಿನಂಥ ತಂತಿಯ ಕೊಕ್ಕೆಯಿಂದ ಹುಳುವನ್ನು ಎಳೆದು ತೆಗೆಯಿರಿ. ಸಿಗದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣಿನಿಂದ ಮುಚ್ಚಿ. ಹಿಂದೆ ಇದಕ್ಕೆ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಈಗ ದೇಶದಲ್ಲಿ ನಿಷೇಧವಾಗಿದೆ. ಸುಲಿದ ತೊಗಟೆಯ ಅಡಿಯಲ್ಲಿ ಹಿಟ್ಟು ತಿಗಣೆಯೂ ಅಡಗಿರುತ್ತದೆ, ಹಾಗಾಗಿ ಬಿಡುತೊಗಟೆಯನ್ನು ಕೈಯಿಂದ ಉಜ್ಜಿ ತೆಗೆದು ಸುಡುವುದು ಬಹಳ ಉಪಯೋಗದ ಕೆಲಸ.

ಉಳಿಸಿಕೊಂಡ ಚಿಗುರನ್ನು ಬಿದಿರು ಕಡ್ಡಿಗೆ ಸಡಿಲವಾಗಿ ಕಟ್ಟುತ್ತ ಮೇಲೇರಿಸಿ. ಪಕ್ಕದ ಕವಲುಗಳನ್ನು ಎಳೆಯದಾಗಿರುವಾಗಲೇ ಚಿವುಟಿ. ಚಪ್ಪರದ ತಂತಿಗೆ ಒಂದು ಗೇಣು ಕೆಳಗೆ ತುದಿ ಚಿವುಟಿದರೆ ಎರಡು ಕವಲು ಒಡೆಯುತ್ತವೆ; ಅವೇ ಎರಡು ಬದಿಯ ತೋಳುಗಳು. ಚಿಗುರು ಬಲವಾಗಿ ಬೆಳೆಯುತ್ತಿರುವಾಗಲೇ ಚಿವುಟಬೇಕು. ಮೊದಲ ವರ್ಷ ಹೂಗೊಂಚಲು ಬಂದರೆ ಒಂದನ್ನೂ ಉಳಿಸಬೇಡಿ.

ಪೂರ್ತಿ ಸತ್ತ ಬಳ್ಳಿಯ ಜಾಗ ತುಂಬಲು ನರ್ಸರಿಗೆ ಓಡುವ ಮೊದಲು ಪಕ್ಕದ ಬಳ್ಳಿ ನೋಡಿ. ಅದರ ಉದ್ದನೆಯ, ಬಲಿತ ಕಡ್ಡಿಯೊಂದನ್ನು ಕೆಳಗೆ ಬಗ್ಗಿಸಿ 20ರಿಂದ 25 ಸೆಂ.ಮೀ. ಆಳದ ಕಾಲುವೆಯಲ್ಲಿ ಹೂತು, ಎರಡು ಕಣ್ಣಿರುವ ತುದಿಯನ್ನು ಖಾಲಿ ಜಾಗದಲ್ಲಿ ಮೇಲಕ್ಕೆ ಬಿಡಿ. ತಾಯಿಬಳ್ಳಿಯೇ ಅದಕ್ಕೆ ನೀರು ಆಹಾರ ಕೊಡುತ್ತಿರುತ್ತದೆ. ಬೇರು ಚೆನ್ನಾಗಿ ಬಿಟ್ಟ ಮೇಲೆ, ಅಂದರೆ ಸುಮಾರು ಎರಡು ವರ್ಷಕ್ಕೆ ಸಂಬಂಧ ಕತ್ತರಿಸಿ. ಹಳೇ ಬೇರುಗಳ ನಡುವೆ ಹೊಸ ಸಸಿ ನೆಟ್ಟರೆ ನೀರಿಗಾಗಿ ಸೋತು ಕುಳ್ಳಾಗಿಯೇ ಉಳಿಯುತ್ತದೆ. ಈ ವಿಧಾನದಲ್ಲಿ ಆ ತೊಂದರೆ ಇಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಶ್ಯಾಮ್ ಬೆಂಗಳೂರು ನೀಲಿಯದೇ ಸಂತಾನ, ಒಳ್ಳೆಯ ತಳಿ. ಆದರೂ ಹಳೇ ತೋಟದ ನಡುನಡುವೆ ಅದನ್ನು ತುಂಬಬೇಡಿ, ಬೇಕಿದ್ದರೆ ಬೇರೆ ಸಾಲಾಗಿ ನೆಡಿ.

ಮಣ್ಣು, ನೀರು, ರೋಗ

ಬಳ್ಳಿಯ ಸುತ್ತ ಅರ್ಧ ಮೀಟರ್ ಬಿಟ್ಟು ಒಂದು ಬದಿಗೆ ಮಾತ್ರ ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20 ಕೆ.ಜಿ. ಮತ್ತು ಬೇವಿನ ಹಿಂಡಿ 1 ಕೆ.ಜಿ. ಹಾಕಿ ಮುಚ್ಚಿ. ಇನ್ನೊಂದು ಬದಿ ಮುಂದಿನ ವರ್ಷ. ಎರಡೂ ಬದಿ ಒಮ್ಮೆಲೇ ತೋಡಿದರೆ ಬೇರು ವಿಪರೀತ ತುಂಡಾಗುತ್ತದೆ. ರಾಸಾಯನಿಕ ಗೊಬ್ಬರವನ್ನು ಅಂದಾಜಿನ ಮೇಲೆ ಸುರಿಯಬೇಡಿ. ಏಪ್ರಿಲ್‌ನ ಬೇಸಿಗೆ ಸವರುವಿಕೆಯ 45ನೇ ದಿನದ ಹೊತ್ತಿಗೆ ಕಡ್ಡಿಯ ಬುಡದಿಂದ ಐದನೇ ಎಲೆಯ ತೊಟ್ಟುಗಳನ್ನು ತೋಟದ ಎಲ್ಲ ಕಡೆಯಿಂದ ಆರಿಸಿ ಪರೀಕ್ಷೆಗೆ ಕೊಡಿ. ಸಾರಜನಕ ಹೆಚ್ಚಾದರೆ ಎಲೆ ದಟ್ಟವಾಗಿ ಚಪ್ಪರದಡಿ ಕತ್ತಲಾಗುತ್ತದೆ. ಆ ನೆರಳಿನಲ್ಲಿ ಬೆಳೆದ ಕಣ್ಣು ಮುಂದಿನ ಸಲ ಹೂವಿನ ಬದಲು ಬಳ್ಳಿಕುಡಿ ಬಿಡುತ್ತದೆ. ಚಪ್ಪರದ ಕೆಳಗೆ ನಿಂತಾಗ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಅಲ್ಲಾಡುತ್ತಿರಬೇಕು, ಅದೇ ಅಳತೆ.

ಬೆಂಗಳೂರು ನೀಲಿ ಚಿಬ್ಬು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಡೌನಿ ಮತ್ತು ತುಕ್ಕು ರೋಗಕ್ಕೆ ಬಲಿಯಾಗುತ್ತದೆ. ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಡೌನಿ. ಅಡಿಯಲ್ಲಿ ಕಿತ್ತಳೆ ಪುಡಿ ಇದ್ದರೆ ತುಕ್ಕು. ಎಲೆ ಅವಧಿಗೆ ಮೊದಲೇ ಉದುರಿ ಕಡ್ಡಿ ಬಲಿಯದೆ ಉಳಿಯುತ್ತದೆ. ಶೇ. 1ರ ಬೋರ್ಡೋ ದ್ರಾವಣ, ಅಂದರೆ ತಲಾ 1 ಕೆ.ಜಿ. ಮೈಲುತುತ್ತ ಮತ್ತು ಸುಣ್ಣಕ್ಕೆ 100 ಲೀಟರ್ ನೀರು, ಮಳೆಗೆ ಮುಂಚೆ ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸಿ. ಕಲಸಿದ ದಿನವೇ ಮುಗಿಸಿ. ರೋಗ ಬಂದ ಮೇಲೆ ಹೊಡೆದ ಬೋರ್ಡೋ ಹರಡುವುದನ್ನು ತಡೆಯುತ್ತದೆಯೇ ಹೊರತು ಹಿಡಿದದ್ದನ್ನು ವಾಸಿ ಮಾಡುವುದಿಲ್ಲ.

ವೈನಿಗೆ ಒಂದೇ ಬೆಳೆ

ಬೇಸಿಗೆಯ ಸವರುವಿಕೆ ಏಪ್ರಿಲ್‌ನಲ್ಲಿ. ಎಲ್ಲ ಕಡ್ಡಿಯನ್ನೂ ಒಂದೆರಡು ಕಣ್ಣಿಗೆ ತಂದು, ಬಂದ ಚಿಗುರಿನ ಮೇಲಿನ ಗೊಂಚಲುಗಳನ್ನು ಕಿತ್ತು, ಮಳೆಗಾಲ ಪೂರ್ತಿ ಬಳ್ಳಿಗೆ ಕಡ್ಡಿ ಬಲಿಸುವ ಕೆಲಸ ಮಾತ್ರ ಕೊಡಿ. ಹಣ್ಣಿನ ಸವರುವಿಕೆ ಅಕ್ಟೋಬರ್ ನಡುವಿನ ಮೇಲೆ, ಕಡ್ಡಿಗೆ ನಾಲ್ಕೈದು ಕಣ್ಣಿನಂತೆ. ಈ ತಳಿಯಲ್ಲಿ ಬುಡದ ಕಣ್ಣುಗಳಲ್ಲೂ ಗೊಂಚಲು ಬರುವುದರಿಂದ ಉದ್ದ ಬಿಡುವ ಅಗತ್ಯವಿಲ್ಲ. ಸೆಪ್ಟೆಂಬರ್‌ನಲ್ಲೇ ಸವರಿದರೆ ಹಿಂಗಾರು ಮಳೆಗೆ ಸರಿಯಾಗಿ ಹೂವು ಬಂದು ಡೌನಿಗೆ ಗೊಂಚಲೇ ಒಣಗುವ ಅಪಾಯ ಹೆಚ್ಚು. ಅಕ್ಟೋಬರ್‌ನಲ್ಲಿ ಸವರಿದ್ದು ಮಾರ್ಚ್‌ನ ಒಣ ಹವೆಯಲ್ಲಿ ಹಣ್ಣಾಗುತ್ತದೆ. ಮಳೆಗಾಲದ ಹಣ್ಣಿಗಿಂತ ಇದರಲ್ಲಿ ಸಕ್ಕರೆ ಹೆಚ್ಚು, ಕೊಳೆ ಕಡಿಮೆ.

ಚಿಗುರಿಗೆ ಒಂದೇ ಗೊಂಚಲು. ಚಪ್ಪರದ ಒಂದು ಚದರ ಮೀಟರಿಗೆ ಸುಮಾರು 1 ಕೆ.ಜಿ. ಹಣ್ಣು, ಅಂದರೆ ಎಕರೆಗೆ 4 ಟನ್‌ ಆಸುಪಾಸು, ವೈನಿಗೆ ಸರಿಯಾದ ಮಿತಿ. ಮಾರುಕಟ್ಟೆಗೆ ಬೆಳೆಯುವವರಿಗೆ ಇದು ಬಹಳ ಕಡಿಮೆ ಎನಿಸುತ್ತದೆ. ಆದರೆ ಎಲೆಗಳು ಮಾಡುವ ಸಕ್ಕರೆ ಹೆಚ್ಚು ಗೊಂಚಲುಗಳಿಗೆ ಹಂಚಿಹೋದರೆ ಪ್ರತಿ ಹಣ್ಣೂ 15 ಬ್ರಿಕ್ಸ್‌ಗೆ (ರಸದಲ್ಲಿ ಸುಮಾರು ಶೇ. 15 ಸಕ್ಕರೆ) ನಿಂತುಬಿಡುತ್ತದೆ. ಆ ರಸದ ವೈನ್ ನೀರುನೀರಾಗಿ, ಹುಳಿಹುಳಿಯಾಗಿ ಇರುತ್ತದೆ. ಕಾಯಿ ಬಣ್ಣ ತಿರುಗುವಾಗ ಹಸಿರಾಗಿಯೇ ಉಳಿದ ಗೊಂಚಲುಗಳನ್ನು ಕತ್ತರಿಸಿ ಹಾಕಿ. ಆ ಹೊತ್ತಿಗೆ ಪಿಕಳಾರ, ಗಿಳಿಗಳು ಬರುವ ಮುಂಚೆ ಬಲೆ ಕಟ್ಟಿರಬೇಕು. ಗಂಧಕ ಮತ್ತು ತಾಮ್ರದ ಸಿಂಪಡಣೆಯನ್ನು ಕೊಯ್ಲಿಗೆ ಐದು ವಾರ ಮುಂಚೆಯೇ ನಿಲ್ಲಿಸಿ. ಹಣ್ಣಿನ ಮೇಲೆ ಉಳಿದ ಗಂಧಕವೇ ಮುಂದೆ ಪೀಪಾಯಿಯಲ್ಲಿ ಕೊಳೆತ ಮೊಟ್ಟೆ ವಾಸನೆಯಾಗುತ್ತದೆ.

ಫೆಬ್ರವರಿಯಲ್ಲಿ ಬುಡದಿಂದ ಕೆಲಸ ಶುರು ಮಾಡಿದ ತೋಟದಲ್ಲಿ, ಎರಡು ವರ್ಷ ಕಳೆದು ಬರುವ ಮಾರ್ಚ್‌ನಲ್ಲಿ ಅರ್ಧ ಬೆಳೆಯಷ್ಟು ಹಣ್ಣು ನಿರೀಕ್ಷಿಸಬಹುದು. ಮೊದಲ ವೈನ್ ಆಗಲೇ.

ಲೈಸೆನ್ಸ್ ಇಲ್ಲದೆ ಹಣ್ಣು ಹಿಚುಕಬೇಡಿ

ಕರ್ನಾಟಕದಲ್ಲಿ ವೈನ್ ತಯಾರಿಕೆ 1965ರ ಅಬಕಾರಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮನೆಯ ಹಿತ್ತಲಲ್ಲಿ ಮಾಡಿ ಮಾರುವ ಮಾತೇ ಇಲ್ಲ. ಸ್ವಂತ ವೈನರಿ ಕಟ್ಟುವ ಬಂಡವಾಳ ಇಲ್ಲದವರು ಲೈಸೆನ್ಸ್ ಇರುವ ವೈನರಿಯೊಂದಿಗೆ ಒಪ್ಪಂದ ಮಾಡಿಕೊಂಡು, ತಮ್ಮ ಹಣ್ಣನ್ನು ಬೇರೆ ಟ್ಯಾಂಕಿನಲ್ಲಿ ಪ್ರತ್ಯೇಕವಾಗಿ ಮಾಡಿಸುವುದು ಒಳ್ಳೆಯ ದಾರಿ. ರಾಜ್ಯದ ದ್ರಾಕ್ಷಾರಸ ನೀತಿ ಬಂದದ್ದು 2007ರಲ್ಲಿ. ಅದರಡಿಯ ವೈನ್ ಮಂಡಳಿಯಲ್ಲಿ ಮೊದಲು ವಿಚಾರಿಸಿ. ಲೇಬಲ್ ಮೇಲೆ ಜಿಐ ಹೆಸರು ಬಳಸಬೇಕಾದರೆ ಬೆಳೆಗಾರರಾಗಿ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರೆಂದು ಹೆಸರು ಸೇರಿಸಿಕೊಳ್ಳಬೇಕು. ಮುಂದಿನ ಅಳತೆಗಳನ್ನು 100 ಕೆ.ಜಿ. ಹಣ್ಣಿನ ಲೆಕ್ಕದಲ್ಲಿ ಕೊಟ್ಟಿದೆ, ವೈನರಿಯವರೊಂದಿಗೆ ಕೂತು ಮಾತಾಡಲು ಅನುಕೂಲವಾಗುತ್ತದೆ.

ಈ ಹಣ್ಣಿಗೆ ಒಗ್ಗುವ ವೈನ್

ಬೆಂಗಳೂರು ನೀಲಿ ಅಮೆರಿಕದ ಲಬ್ರುಸ್ಕಾ ಎಂಬ ದ್ರಾಕ್ಷಿ ಜಾತಿಯ ರಕ್ತ ಬೆರೆತ ತಳಿ, ಇಸಾಬೆಲ್ಲಾ ಬಳಗದ್ದು. ಇದರ ಗಾಢ ವಾಸನೆಗೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ಅಂಶ. ಯುರೋಪಿನವರಿಗೆ ಇದು ಒಗ್ಗುವುದಿಲ್ಲ. ಫ್ರಾನ್ಸ್ 1930ರ ದಶಕದಲ್ಲೇ ಇಸಾಬೆಲ್ಲಾ ಸೇರಿದಂತೆ ಆರು ತಳಿಗಳನ್ನು ನಿಷೇಧಿಸಿತು. ಹಾಗಾಗಿ ಇದರಿಂದ ಕ್ಯಾಬರ್ನೆ ಥರದ ಗಡುಸು ಕೆಂಪು ವೈನ್ ಮಾಡಲು ಹೊರಟು, ಹತ್ತು ದಿನ ಸಿಪ್ಪೆಯಲ್ಲಿ ನೆನೆಸಿ, ಓಕ್ ಪೀಪಾಯಿಗೆ ತುಂಬಿದರೆ ವಾಸನೆ ಒರಟಾಗಿ, ಬೀಜದ ಕಹಿ ಇಳಿದು, ವಾಸನೆ, ರುಚಿ ಎರಡೂ ಕೆಟ್ಟಂತಾಗುತ್ತದೆ. ಸಕ್ಕರೆ ಸುರಿದ ಸಿಹಿ ಪೋರ್ಟ್‌ಗೆ ಮಾತ್ರ ಲಾಯಕ್ಕು ಎಂಬ ಮಾತೂ ಅಷ್ಟೇ ತಪ್ಪು. ತಣ್ಣಗೆ ಕುಡಿಯುವ, ಹುಳಿ ಚುರುಕಾಗಿರುವ ರೋಸೆ, ಇಲ್ಲವೇ ಮೂರು ದಿನ ಸಿಪ್ಪೆಯೊಡನೆ ಹುದುಗಿಸಿದ ತಿಳಿಗೆಂಪು ವೈನ್ ಈ ಹಣ್ಣಿಗೆ ಸೊಗಸಾಗಿ ಒಗ್ಗುತ್ತದೆ.

ಕೊಯ್ಲು ಬೆಳಗಿನ ಜಾವ, 9 ಗಂಟೆಯೊಳಗೆ ಮುಗಿಯಲಿ. ಚೀಲ ಬೇಡ, 20 ಕೆ.ಜಿ. ಕ್ರೇಟ್‌ನಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ. ಹಿಂದಿನ ವಾರದಿಂದಲೇ ಚಪ್ಪರದ ನಡುವಿನ, ಅಂಚಿನ, ನೆರಳಿನ ಗೊಂಚಲುಗಳಿಂದ ಒಟ್ಟು 100 ಹಣ್ಣು ಆರಿಸಿ ಹಿಂಡಿ ಅಳೆಯಿರಿ. ಅಂಚಿನ ಗೊಂಚಲು ಮಾತ್ರ ನೋಡಿದರೆ ಒಂದೆರಡು ಬ್ರಿಕ್ಸ್ ಸುಳ್ಳು ಹೆಚ್ಚಳ ಕಾಣುತ್ತದೆ. 18 ಬ್ರಿಕ್ಸ್, ಹುಳಿ ಲೀಟರಿಗೆ 7ರಿಂದ 9 ಗ್ರಾಂ, ಪಿಎಚ್ 3.2ರಿಂದ 3.4 ಸಿಕ್ಕರೆ ಕೊಯ್ಯಿರಿ. ಇನ್ನೂ ಸಿಹಿಯಾಗಲಿ ಎಂದು ಕಾದರೆ ವಾಸನೆ ಅತಿಯಾಗುತ್ತದೆ, ಹಣ್ಣು ತೊಟ್ಟಿನಿಂದ ಉದುರಲು ಶುರುವಾಗುತ್ತದೆ.

ತೊಟ್ಟು ಬಿಡಿಸಿ ಹಣ್ಣನ್ನು ಸಿಪ್ಪೆ ಒಡೆಯುವಷ್ಟು ಮಾತ್ರ ಹಿಚುಕಿ, ಬೀಜ ಜಜ್ಜಿಹೋಗಬಾರದು. ಮಿಕ್ಸರ್ ಥರದ ಯಾವ ಯಂತ್ರವೂ ಬೇಡ. 100 ಕೆ.ಜಿ.ಗೆ 9 ಗ್ರಾಂ ಪೊಟಾಷಿಯಂ ಮೆಟಾಬೈಸಲ್ಫೈಟ್ ನೀರಿನಲ್ಲಿ ಕರಗಿಸಿ ಬೆರೆಸಿ. ಇದರಿಂದ ಸುಮಾರು 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ಸಲ್ಫರ್ ಡೈ ಆಕ್ಸೈಡ್ ಸಿಗುತ್ತದೆ, ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ. ಈ ಹಣ್ಣಿನ ತಿರುಳು ಲೋಳೆ, ಪೆಕ್ಟಿನ್ ಎಂಬ ಅಂಟು ಹೆಚ್ಚು. ಪೆಕ್ಟಿನ್ ಒಡೆಯುವ ಕಿಣ್ವವನ್ನು ಪೊಟ್ಟಣದ ಮೇಲಿನ ಅಳತೆಯಂತೆ ಈಗಲೇ ಹಾಕದಿದ್ದರೆ ರಸವೂ ಇಳಿಯುವುದಿಲ್ಲ, ವೈನೂ ತಿಳಿಯಾಗುವುದಿಲ್ಲ.

ರೋಸೆಗೆ: 3ರಿಂದ 6 ಗಂಟೆ ಸಿಪ್ಪೆಯೊಡನೆ ಬಿಟ್ಟು, ಬಣ್ಣ ನೋಡಿಕೊಂಡು ಹಿಂಡಿ. ಪ್ರೆಸ್ಸಿನಲ್ಲಿ ಜಾರುವ ತಿರುಳು ರಂಧ್ರಗಳನ್ನು ಮುಚ್ಚಿ, ಒತ್ತಡ ಹೆಚ್ಚಿದಂತೆ ಪಕ್ಕದಿಂದ ಚಿಮ್ಮುತ್ತದೆ. ಬಿಸಿನೀರಿನಲ್ಲಿ ಹಲವು ಸಲ ತೊಳೆದ ಭತ್ತದ ಹೊಟ್ಟನ್ನು 1ರಿಂದ 2 ಕೆ.ಜಿ. ಬೆರೆಸಿದರೆ ರಸಕ್ಕೆ ಹರಿಯುವ ದಾರಿಯಾಗುತ್ತದೆ. 60 ಲೀಟರ್ ಆಸುಪಾಸು ರಸ ಬಂದರೆ ನಿಲ್ಲಿಸಿ; ಕೊನೆಯ ಒತ್ತಿನ ರಸ ಒಗರು, ಬೇರೆ ಇಡಿ. ರಾತ್ರಿಯಿಡೀ ತಣ್ಣಗೆ ಇಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿ.

18 ಬ್ರಿಕ್ಸ್ ರಸದಿಂದ ಸುಮಾರು ಶೇ. 10 ಆಲ್ಕೊಹಾಲ್ ಬರುತ್ತದೆ. ರೋಸೆಗೆ ಅಷ್ಟು ಸಾಕು. ಶೇ. 11.5 ಬೇಕೆಂದರೆ ಪ್ರತಿ ಶೇ. 1ಕ್ಕೆ ಲೀಟರಿಗೆ 17 ಗ್ರಾಂ ಸಕ್ಕರೆ ಬೇಕು, ಅಂದರೆ 60 ಲೀಟರಿಗೆ ಒಂದೂವರೆ ಕೆ.ಜಿ.; ಇದಕ್ಕೆ ಅನುಮತಿ ಇದೆಯೇ ಎಂದು ವೈನರಿಯಲ್ಲಿ ಖಚಿತಪಡಿಸಿಕೊಂಡೇ ಹಾಕಿ.

ವೈನ್ ಯೀಸ್ಟ್ 15 ಗ್ರಾಂ ತೆಗೆದುಕೊಂಡು ಅದರ ಹತ್ತು ಪಟ್ಟು, ಅಂದರೆ 150 ಮಿ.ಲೀ. 38 ಡಿಗ್ರಿ ಬೆಚ್ಚನೆಯ ನೀರಿನ ಮೇಲೆ ಉದುರಿಸಿ 15–20 ನಿಮಿಷ ಬಿಡಿ. ನೊರೆ ಎದ್ದ ಮೇಲೆ ಸ್ವಲ್ಪಸ್ವಲ್ಪವೇ ರಸ ಬೆರೆಸಿ ತಣಿಸಿ. ಯೀಸ್ಟ್‌ಗೂ ರಸಕ್ಕೂ 10 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರುವಾಗ ಸುರಿದರೆ ಅರ್ಧಕ್ಕರ್ಧ ಸಾಯುತ್ತದೆ. ಬ್ರೆಡ್ಡಿನ ಯೀಸ್ಟ್ ಬಳಸಬೇಡಿ. ಸಕ್ಕರೆ ಮೂರನೇ ಒಂದು ಭಾಗ ಇಳಿದಾಗ ಯೀಸ್ಟ್‌ಗೆ ಆಹಾರವಾಗಿ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) 12 ಗ್ರಾಂ ಕೊಡಿ, ಆಹಾರ ದರ್ಜೆಯದು, ಗೊಬ್ಬರದ ಅಂಗಡಿಯದ್ದಲ್ಲ.

ರೋಸೆಯನ್ನು 15ರಿಂದ 18 ಡಿಗ್ರಿಯಲ್ಲಿ ಹುದುಗಿಸಿ. ಮಾರ್ಚ್‌ನಲ್ಲಿ ಇದು ಸುಲಭವಲ್ಲ. ಒಂದು ಬ್ರಿಕ್ಸ್ ಕರಗಿದರೆ ರಸ ತಾನಾಗಿ 1.3 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಶಾಖ ಹೊರಹೋಗದ ದೊಡ್ಡ ಟ್ಯಾಂಕಿನಲ್ಲಿ 18 ಬ್ರಿಕ್ಸ್ ಎಂದರೆ 20 ಡಿಗ್ರಿಗೂ ಮೀರಿದ ಏರಿಕೆ. ತಂಪುಗೊಳಿಸುವ ಟ್ಯಾಂಕ್ ಇಲ್ಲದಿದ್ದರೆ ಸಣ್ಣ ಡ್ರಮ್ಮುಗಳಲ್ಲಿ ಹಂಚಿ, ನೀರು ತುಂಬಿ ಹೆಪ್ಪುಗಟ್ಟಿಸಿದ ಮುಚ್ಚಿದ ಬಾಟಲಿಗಳನ್ನು ಸ್ಯಾನಿಟೈಸ್ ಮಾಡಿ ಒಳಗಿಳಿಸಿ ಬದಲಿಸುತ್ತಿರಿ. 32 ಡಿಗ್ರಿ ದಾಟಿದರೆ ಪರಿಮಳ ಹಾರಿಹೋಗಿ ಯೀಸ್ಟ್ ನಡುವಿನಲ್ಲೇ ನಿಂತುಬಿಡುತ್ತದೆ.

ಕೆಂಪಿಗಾದರೆ ಹಿಂಡದೆ ಸಿಪ್ಪೆಯೊಡನೆಯೇ 22ರಿಂದ 25 ಡಿಗ್ರಿಯಲ್ಲಿ ಹುದುಗಿಸಿ. ಯೀಸ್ಟ್ 20ರಿಂದ 25 ಗ್ರಾಂ. ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಮೂರು ಸಲ ಒಳಗೆ ಅದುಮಬೇಕು. ಅದರೊಳಗೆ ಕೈಯಿಟ್ಟರೆ ಕೆಳಗಿನ ರಸಕ್ಕಿಂತ ಹಲವು ಡಿಗ್ರಿ ಬಿಸಿ ಇರುವುದು ತಿಳಿಯುತ್ತದೆ. ಒಂದು ದಿನ ಮರೆತರೆ ಅಲ್ಲೇ ವಿನೆಗರ್ ಬ್ಯಾಕ್ಟೀರಿಯಾ ಕೂರುತ್ತದೆ, ಹಣ್ಣಿನ ನೊಣ ಅದನ್ನು ಹೊತ್ತು ತರುತ್ತದೆ. ಮೂರನೇ ಅಥವಾ ನಾಲ್ಕನೇ ದಿನ, ಇನ್ನೂ ಸ್ವಲ್ಪ ಸಿಹಿ ಇರುವಾಗಲೇ ಹಿಂಡಿ, ಏರ್‌ಲಾಕ್ (ಒಳಗಿನ ಅನಿಲ ಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳ) ಇರುವ ಪಾತ್ರೆಯಲ್ಲಿ ಮುಗಿಯಲು ಬಿಡಿ.

ಕೆಡುವುದು ಎಲ್ಲಿ

ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 0.998ಕ್ಕಿಂತ ಕೆಳಗಿಳಿದು ಮೂರು ದಿನ ಅಲ್ಲಾಡದಿದ್ದರೆ ಹುದುಗು ಮುಗಿದಿದೆ. 1.010ರಲ್ಲಿ ನಿಂತಿದ್ದರೆ ಅರ್ಧದಲ್ಲಿ ಸಿಕ್ಕಿಕೊಂಡಿದೆ; ಡಿಎಪಿ ಸುರಿದು ಪ್ರಯೋಜನವಿಲ್ಲ, ಆಲ್ಕೊಹಾಲ್ ಇರುವಾಗ ಯೀಸ್ಟ್ ಅದನ್ನು ಹೀರಿಕೊಳ್ಳದು. ತಾಪಮಾನ 20–22 ಡಿಗ್ರಿಗೆ ತಂದು, ಬೇರೆ ಪಾತ್ರೆಯಲ್ಲಿ ಹೊಸ ಬಲವಾದ ಯೀಸ್ಟ್ ಎಬ್ಬಿಸಿ, ನಿಂತ ವೈನನ್ನು ಅದಕ್ಕೆ ಕಂತುಕಂತಾಗಿ ಸೇರಿಸಿ. ಹುದುಗುವಾಗ ಕೊಳೆತ ಮೊಟ್ಟೆ ವಾಸನೆ ಬಂದರೆ ತಕ್ಷಣ ಗಾಳಿಯಾಡುವಂತೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಿರಿ. ವಾರಗಟ್ಟಲೆ ಬಿಟ್ಟರೆ ಅದು ಬೆಳ್ಳುಳ್ಳಿ, ರಬ್ಬರ್ ವಾಸನೆಯಾಗಿ ಗಟ್ಟಿಯಾಗುತ್ತದೆ.

ಗಷ್ಟು ಕೂತ ಮೇಲೆ ತಿಳಿಯನ್ನು ಸೈಫನ್ ಕೊಳವೆಯಿಂದ ಬಸಿಯಿರಿ, ಮತ್ತೆ ಮೂರು ನಾಲ್ಕು ವಾರಕ್ಕೆ ಇನ್ನೊಮ್ಮೆ. ಪಾತ್ರೆ ಕಂಠದವರೆಗೆ ತುಂಬಿರಲಿ. ಅರ್ಧ ತುಂಬಿದ ಡ್ರಮ್ಮಿನಲ್ಲಿ ವೈನ್ ಇಟ್ಟು ಹಾಳು ಮಾಡಿಕೊಳ್ಳುವವರೇ ಹೆಚ್ಚು. ಸಲ್ಫೈಟ್ ಎಷ್ಟು ಬೇಕೆಂಬುದು ಪಿಎಚ್ ಮೇಲೆ ನಿಂತಿದೆ: 3.2ಕ್ಕೆ ಮುಕ್ತ ಸಲ್ಫರ್ ಡೈ ಆಕ್ಸೈಡ್ 21 ಪಿಪಿಎಂ, 3.3ಕ್ಕೆ 26, 3.4ಕ್ಕೆ 32, 3.5ಕ್ಕೆ 40.

ಹುಳಿ ವಿಪರೀತವಾದರೆ ಕೆಂಪಿನಲ್ಲಿ ಮ್ಯಾಲೋಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಕಿ ಮ್ಯಾಲಿಕ್ ಹುಳಿಯನ್ನು ಇಳಿಸಬಹುದು. ಅದು ಮುಗಿಯುವವರೆಗೆ ಸಲ್ಫೈಟ್ ಹಾಕುವಂತಿಲ್ಲ. ರೋಸೆಯಲ್ಲಿ ಹುಳಿಯೇ ಜೀವ, ಮುಟ್ಟಬೇಡಿ. ತೀರಾ ಅಗತ್ಯವಿದ್ದರೆ ಲೀಟರಿಗೆ 0.9 ಗ್ರಾಂ ಪೊಟಾಷಿಯಂ ಬೈಕಾರ್ಬೊನೇಟ್ ಸುಮಾರು 1 ಗ್ರಾಂ ಹುಳಿ ಇಳಿಸುತ್ತದೆ, ಮೊದಲು ಒಂದು ಲೀಟರಿನಲ್ಲಿ ಮಾಡಿ ರುಚಿ ನೋಡಿ. ರೋಸೆ ಮಬ್ಬಾಗಿದ್ದರೆ ಬೆಂಟೊನೈಟ್ ಎಂಬ ಜೇಡಿಮಣ್ಣು ಲೀಟರಿಗೆ ಅರ್ಧದಿಂದ ಒಂದು ಗ್ರಾಂ. ಆಮೇಲೆ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಎರಡು ವಾರ ಇಟ್ಟರೆ ಟಾರ್ಟರೇಟ್ ಹರಳುಗಳು ತಳಕ್ಕೆ ಕೂರುತ್ತವೆ. ಇದನ್ನು ಬಿಟ್ಟರೆ ಗಿರಾಕಿಯ ಫ್ರಿಜ್ಜಿನಲ್ಲಿ ಅದೇ ಹರಳು ಕಾಣಿಸಿಕೊಂಡು ಗಾಜಿನ ಚೂರೆಂದು ಹೆದರುತ್ತಾರೆ.

ಸ್ವಲ್ಪ ಸಿಹಿ ಉಳಿಸಬೇಕೆಂದಿದ್ದರೆ 0.45 ಮೈಕ್ರಾನ್ ಫಿಲ್ಟರ್ ಮಾಡಿಯೇ ತುಂಬಿ, ಇಲ್ಲದಿದ್ದರೆ ಬಾಟಲಿಯಲ್ಲಿ ಮತ್ತೆ ಹುದುಗಿ ಮುಚ್ಚಳ ಹಾರುತ್ತದೆ. ಪೊಟಾಷಿಯಂ ಸಾರ್ಬೇಟ್ ಲೀಟರಿಗೆ 0.2 ಗ್ರಾಂ ಕೂಡ ಕೆಲಸ ಮಾಡುತ್ತದೆ, ಆದರೆ ಮ್ಯಾಲೋಲ್ಯಾಕ್ಟಿಕ್ ಆದ ವೈನಿಗೆ ಬೇಡವೇ ಬೇಡ. ಜಿರೇನಿಯಂ ಎಲೆಯ ವಾಸನೆ ಬರುತ್ತದೆ, ಅದನ್ನು ತೆಗೆಯುವ ಉಪಾಯವಿಲ್ಲ. 60 ಲೀಟರ್ ರಸದಲ್ಲಿ ಗಷ್ಟು, ನಷ್ಟ ಕಳೆದು ಸುಮಾರು 70 ಬಾಟಲಿ ಸಿಗುತ್ತವೆ. ಮಳೆಗಾಲದ ಕೊನೆಗೆ ತುಂಬಿ, ಬಿಸಿಲು ಬೀಳದ, 18 ಡಿಗ್ರಿ ಮೀರದ ಕೋಣೆಯಲ್ಲಿ ಇಡಿ. ರೋಸೆಯನ್ನು ಒಂದು ವರ್ಷದೊಳಗೆ, ಕೆಂಪನ್ನು ಎರಡು ವರ್ಷದೊಳಗೆ ಕುಡಿದು ಮುಗಿಸಿ. ಇದು ಇಟ್ಟಷ್ಟೂ ಏರುವ ವೈನ್ ಅಲ್ಲ. ಹಿಂಡಿದ ಸಿಪ್ಪೆ ಬೀಜವನ್ನು ಸುಣ್ಣ, ಸಗಣಿ ಬೆರೆಸಿ ಆರು ತಿಂಗಳು ಕಳಿಸಿದ ಮೇಲೆಯೇ ತೋಟಕ್ಕೆ ಹಾಕಿ. ಹಸಿಯಾಗಿ ಬುಡಕ್ಕೆ ಸುರಿದರೆ ಹಣ್ಣಿನ ನೊಣ ಅಲ್ಲೇ ಮನೆ ಮಾಡಿಕೊಳ್ಳುತ್ತದೆ.